ಗಡಿಯಾರವೂ ಸುಮ್ಮನಾದ ಆರು ಸೆಕೆಂಡು

ಭುಜಂಗರಾಯರು ನಮ್ಮೂರಿನಲ್ಲಿ ಸಿಕ್ಕಿಬೀಳಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಾಕ್ಷ್ಯಚಿತ್ರ ಮಾಡುವುದನ್ನು ಕಲಿಸಲೆಂದು ವಾಚನಾಲಯದ ಕಮಿಟಿಯವರು ಹೊರಗಿನಿಂದ ಕರೆಸಿದ್ದ ಮೇಷ್ಟ್ರು ಅವರು. ಹನ್ನೆರಡು ಜನ ಬೆಂಚಿನ ಮೇಲೆ ಕೂತಿದ್ದೆವು. ಅವರು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಏರಿಸಿ, ಅದರ ಮುಂದೆ ನಿಂತು, ತಮ್ಮ ಹೆಸರು, ಊರು, ಇಪ್ಪತ್ತೈದು ವರ್ಷದ ಅನುಭವ ಎಲ್ಲ ಹೇಳಿಕೊಂಡು, ಕೊನೆಗೆ “ನಿಮ್ಮೂರು ನನಗೆ ತುಂಬಾ ಹಿಡಿಸಿತು” ಎಂದು ನಕ್ಕರು. ಆಮೇಲೆ ಧ್ವನಿ ಹೇಗೆ ಬಂದಿದೆ ನೋಡೋಣ ಎಂದು ಪರದೆಯ ಮೇಲೆ ಹಾಕಿದರು. ಹೆಸರು ಕೇಳಿಸಿತು, ಊರು ಕೇಳಿಸಿತು. ಅನುಭವದ ಜಾಗದಲ್ಲಿ ತುಟಿ ಮಾತ್ರ ಆಡಿತು. ನಮ್ಮೂರು ಹಿಡಿಸಿದ್ದೂ ಹಾಗೆಯೇ. ಅವರು ಗಾಬರಿಯಾಗಿ ಬಗ್ಗಿ ಮೈಕಿನ ವೈರು ಎಳೆದು ನೋಡಿದರು, ಬ್ಯಾಟರಿ ಬದಲಾಯಿಸಿದರು. ನಮಗೆ ನಗು ತಡೆಯಲಾಗಲಿಲ್ಲ. ನಾವು ನಕ್ಕಿದ್ದು ಅವರ ಸುಳ್ಳಿಗಲ್ಲ, ಅವರು ವೈರು ನೋಡಿದ್ದಕ್ಕೆ. ಕೊನೆಗೆ ಶಿಶುವಿಹಾರದ ಟೀಚರ್ ಜುಬೇದಾಳಿಗೆ ಪಾಪ ಅನ್ನಿಸಿ, “ಸರ್, ವೈರು ಸರಿಯಾಗೇ ಇದೆ. ನೀವು ಎಷ್ಟು ವರ್ಷ ಅಂತ ಸರಿಯಾಗಿ ಹೇಳಿ, ಬರುತ್ತೆ” ಎಂದಳು. ಅವರು ಮತ್ತೆ ನಿಂತು, ಬೆವರು ಒರೆಸಿಕೊಂಡು, ಹದಿನಾರು ವರ್ಷ ಎಂದರು. ಬಂತು. ಊರು ಹಿಡಿಸಿದ ವಿಷಯವನ್ನು ಮತ್ತೆ ಎತ್ತಲಿಲ್ಲ.

ನಮ್ಮೂರಲ್ಲಿ ಸುಳ್ಳು ರೆಕಾರ್ಡ್ ಆಗುವುದಿಲ್ಲ. ಎದುರಿಗೆ ನಿಂತು ಹೇಳಬಹುದು, ಫೋನಿನಲ್ಲಿ ಹೇಳಬಹುದು, ಮೈಕಿನ ಮುಂದೆ ಗಂಟೆಗಟ್ಟಲೆ ಕೊರೆಯಬಹುದು. ಉಳಿಸಿಡಲು ಹೋದರೆ ಮಾತ್ರ ಆ ಮಾತು ಮಾಯ. ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಹೇಗೆ ತಪ್ಪಿಸಿಕೊಳ್ಳುವುದು ಎಂದು ಯೋಚಿಸುವುದರಲ್ಲೇ ಎಲ್ಲರಿಗೂ ಪುರುಸೊತ್ತಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲೇ ಫೋನು ಇಟ್ಟು ರೆಕಾರ್ಡಿಗೆ ಒತ್ತುತ್ತಾರೆ. ಬಂದವರೂ ಜಾಣರು. ಹುಡುಗ ಕುಡಿಯುತ್ತಾನೆಯೇ ಎಂದರೆ “ಕುಡಿಯೋ ಹುಡುಗನ ಥರ ಕಾಣ್ತಾನಾ?” ಎಂದು ತಿರುಗಿ ಕೇಳುತ್ತಾರೆ. ಪ್ರಶ್ನೆಯೊಳಗೆ ಸುಳ್ಳು ಹಿಡಿಯಲಾಗದಲ್ಲ. ನಾಟಕದ ಮಾತು ಕೂಡ ಮೂಡುವುದಿಲ್ಲ, ಹಾಗಾಗಿ ಕಥೆಯ ಸಿನಿಮಾ ಮಾಡುವ ಆಸೆಯನ್ನು ಊರು ಎಂದೋ ಬಿಟ್ಟಿದೆ. ಸಾಕ್ಷ್ಯಚಿತ್ರವಾದರೂ ಆಗಲಿ ಎಂದು ಈ ಮೂರು ತಿಂಗಳ ತರಗತಿ.

ನನ್ನ ಹೆಸರು ನೀಲಾಂಬಿಕೆ. ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದ ಸಾಮಾನಿನ ಕಿಟಕಿಯಲ್ಲಿ ಕೂರುವವಳು. ಛತ್ರಿ, ಟಿಫಿನ್ ಕ್ಯಾರಿಯರ್, ಒಮ್ಮೊಮ್ಮೆ ಹಲ್ಲಿನ ಸೆಟ್ಟು. ಕೇಳಿಕೊಂಡು ಬಂದವರನ್ನೆಲ್ಲ ಅನುಮಾನಿಸುವುದಕ್ಕೇ ನನಗೆ ಸಂಬಳ. ಛತ್ರಿಯ ಹಿಡಿ ಯಾವ ಬಣ್ಣ, ಎಷ್ಟು ಕಡ್ಡಿ ಮುರಿದಿದೆ ಎಂದು ಕೇಳಿ, ಕಣ್ಣು ನೋಡಿ, ಆಮೇಲೆ ಕೊಡುತ್ತೇನೆ. ಹದಿನೇಳು ವರ್ಷ ಅಲ್ಲಿ ಕೂತು ಈ ಬುದ್ಧಿ ಮನೆಗೂ ಬಂದಿದೆ ಎಂದು ಜನ ಆಡಿಕೊಳ್ಳುತ್ತಾರೆ. ಅದು ತಪ್ಪು. ಈ ಬುದ್ಧಿ ಮನೆಯಿಂದಲೇ ಕಿಟಕಿಗೆ ಹೋದದ್ದು.

ನಮ್ಮಪ್ಪ ಕೊಟ್ರಪ್ಪ ನೇಕಾರರ ಸೊಸೈಟಿಯಲ್ಲಿ ಕಾವಲುಗಾರನಾಗಿದ್ದ. ನನಗೆ ಹದಿನಾರಾಗಿದ್ದಾಗ ನೂಲಿನ ಗೋದಾಮು ಸುಟ್ಟುಹೋಯಿತು. ಲಾಟೀನು ಆರಿಸದೆ ಬೀಗ ಹಾಕಿದ್ದಾನೆ ಎಂದು ಅಪ್ಪನ ಮೇಲೆ ದೂರು. ಸೊಸೈಟಿಯ ಮೀಟಿಂಗ್ ರೂಮಿನಲ್ಲಿ ವಿಚಾರಣೆ ನಡೆಯಿತು; ಟೇಬಲ್ಲಿನ ಮೇಲೆ ಮೈಕು, ಪಕ್ಕದಲ್ಲಿ ಟೇಪ್ ರೆಕಾರ್ಡರು. ಮರುದಿನ ಎಲ್ಲರನ್ನೂ ಸೇರಿಸಿ ಲೌಡ್ ಸ್ಪೀಕರಿನಲ್ಲಿ ಕ್ಯಾಸೆಟ್ ಹಾಕಿದರು. “ಲಾಟೀನು ಆರಿಸಿದ್ಯೇನಯ್ಯಾ?” ಎಂಬ ಕಾರ್ಯದರ್ಶಿಯ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪನ ಉತ್ತರ ಕೇಳಿಸಲಿಲ್ಲ. ಅಷ್ಟೇ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಇನ್ನೊಮ್ಮೆ ಹೇಳು ಎನ್ನಲೂ ಇಲ್ಲ; ನಂಬದವರ ಮುಂದೆ ಮತ್ತೆ ಹೇಳುವವನಲ್ಲ ಅಪ್ಪ. ಕೆಲಸ ಹೋಯಿತು, ಮತ್ತು ಅಂದಿನಿಂದ ಅಪ್ಪ ಇವತ್ತು ಮೋಡ ಇದೆ ಎಂದರೂ ಜನ ಒಮ್ಮೆ ಕತ್ತೆತ್ತಿ ಆಕಾಶ ನೋಡಿ ಖಾತ್ರಿ ಮಾಡಿಕೊಳ್ಳತೊಡಗಿದರು. ಅವನು ಮನೆಯಲ್ಲೇ ಕೂತು ಬೆತ್ತದ ಕುರ್ಚಿ ಹೆಣೆಯಲು ಶುರುಮಾಡಿದ. ಅವ್ವ ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದೇನಿತ್ತು, ಲೌಡ್ ಸ್ಪೀಕರಿನ ಕೆಳಗೇ ನಿಂತಿದ್ದೆನಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ, ಅಪ್ಪ ಕಾಫಿ ಕಾಯಿಸಿ ಒಲೆ ಆರಿಸಿ ಬಂದ ಮೇಲೆ, ನಾನೊಮ್ಮೆ ಅಡುಗೆಮನೆಗೆ ಹೋಗಿ ಗ್ಯಾಸಿನ ಗುಂಡಿ ತಿರುಗಿಸಿ ನೋಡಿ ಬರುತ್ತೇನೆ.

ಭುಜಂಗರಾಯರು ಮೊದಲ ವಾರ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಮನೆಯ ಒಂದು ಕಿಟಕಿಯ ಬೆಳಕು ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಗೆ ಸರಿಯುತ್ತದೆ ಎಂದು ಬರೆದುಕೊಂಡು ಬನ್ನಿ ಎಂದರು. ಎರಡನೇ ವಾರ ಜೋಡಿ ಮಾಡಿದರು. ಜುಬೇದಾಳಿಗೆ ಕ್ಯಾಮೆರಾ, ನನಗೆ ಧ್ವನಿ ಮತ್ತು ಪ್ರಶ್ನೆ. ಬರೀ ಮುಖ ತೆಗೆದುಕೊಂಡು ಬಂದರೆ ಬೈಯುತ್ತಿದ್ದರು. ಮಾತಾಡುವವರ ಕೈ, ಗೋಡೆಯ ಮೊಳೆ, ಅರ್ಧ ಕುಡಿದಿಟ್ಟ ಲೋಟ, ಎಲ್ಲವನ್ನೂ ಬಿಡಿಬಿಡಿಯಾಗಿ ತೆಗೆದಿಟ್ಟುಕೊಳ್ಳಬೇಕಂತೆ. ಮಾತನ್ನು ಎಲ್ಲಾದರೂ ಕತ್ತರಿಸಿದರೆ ಆ ಜಾಗದ ಮೇಲೆ ಕೈಯನ್ನೋ ಲೋಟವನ್ನೋ ತೋರಿಸಿ ಮುಚ್ಚಬಹುದಂತೆ. ಇದನ್ನು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ನಮ್ಮೂರಲ್ಲಿ ಮದುವೆಯ ವಿಡಿಯೋ ಒಂಬತ್ತು ಗಂಟೆ ಇರುತ್ತದೆ. ನಡುವೆ ಒಂದು ಕಡೆ ಕತ್ತರಿ ಬಿದ್ದರೂ “ಅಲ್ಲೇನಿತ್ತು, ಯಾಕೆ ತೆಗೆದ್ರಿ?” ಎಂದು ಎರಡೂ ಕಡೆಯವರು ಜಗಳಕ್ಕೆ ನಿಲ್ಲುತ್ತಾರೆ.

ಅವರ ಇನ್ನೊಂದು ಪಾಠ ನನಗೆ ಬಹಳ ಕಷ್ಟವಾಯಿತು. “ಅವರ ಉತ್ತರ ಮುಗಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ನೀಲಾಂಬಿಕೆಯವರೇ. ಬಾಯಿ ಹಾಕಬೇಡಿ. ಆ ಹತ್ತರೊಳಗೇ ಅವರು ನಿಜವಾಗಿ ಹೇಳಬೇಕಾದ್ದನ್ನ ಹೇಳೋದು” ಎನ್ನುತ್ತಿದ್ದರು. ನಾನು ಮೂರು ದಾಟುತ್ತಿರಲಿಲ್ಲ.

ಊರಿಗೆ ಅವರ ಮೇಲೆ ಪೂರ್ತಿ ಗುಮಾನಿ ಬಂದದ್ದು ಖಾಲಿ ಸದ್ದಿನಿಂದ. ಯಾವ ಜಾಗದಲ್ಲಿ ಚಿತ್ರೀಕರಿಸಿದರೂ ಹೊರಡುವ ಮುಂಚೆ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಬೇಕು, ಆ ಜಾಗದ ಬರೀ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು. ಹಿಟ್ಟಿನ ಗಿರಣಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಹೂವಿನ ಮಾರ್ಕೆಟ್ಟಿನಲ್ಲಿ ನಾವು ಹೀಗೆ ಗೊಂಬೆಗಳ ಹಾಗೆ ನಿಲ್ಲುವುದನ್ನು ಜನ ನೋಡಿದರು. ಈ ಮನುಷ್ಯ ಮೌನವನ್ನು ಚೀಲಕ್ಕೆ ತುಂಬಿಸಿಕೊಳ್ಳುತ್ತಿದ್ದಾನೆ, ನಾಳೆ ನಾವು ನಿಜ ಹೇಳಿದ ಜಾಗಕ್ಕೂ ಇದನ್ನು ಅಂಟಿಸಿ, ಸುಳ್ಳು ಹೇಳಿದರೆಂದು ತೋರಿಸಿ ಊರನ್ನೇ ಮುಳುಗಿಸುತ್ತಾನೆ ಎಂದು ಕಮಿಟಿಗೆ ದೂರು ಹೋಯಿತು. ಕಮಿಟಿಯ ಅಧ್ಯಕ್ಷರು ಗುರುಸಿದ್ದಯ್ಯನವರು. ಅಪ್ಪನಿಗೆ ಆ ಪ್ರಶ್ನೆ ಕೇಳಿದ ಸೊಸೈಟಿ ಕಾರ್ಯದರ್ಶಿ ಇವರೇ. ಅವರು ಕೋಲೂರಿಕೊಂಡು ತರಗತಿಗೆ ಬಂದು, “ಏನ್ರೀ ಮೇಷ್ಟ್ರೆ, ಏನೂ ಇಲ್ಲದ್ದನ್ನ ಯಾಕ್ರೀ ಹಿಡೀತೀರಿ?” ಎಂದು ಕೇಳಿದರು.

“ಏನೂ ಇಲ್ಲದ ಜಾಗ ಅಂತ ಇಲ್ಲ ಸ್ವಾಮಿ” ಎಂದರು ಭುಜಂಗರಾಯರು. “ಯಾರೂ ಮಾತಾಡದಿದ್ರೂ ರೂಮಿಗೆ ಅದರದ್ದೇ ಒಂದು ಸದ್ದಿರುತ್ತೆ. ಅದನ್ನ ಕೇಳೋಕೆ ಕಿವಿ ಪಳಗಬೇಕು. ನಿಮ್ಮ ಸೊಸೈಟೀಲಿ ಹಳೇ ಕ್ಯಾಸೆಟ್ ಇದ್ರೆ ಕೊಡಿ, ಇವರಿಗೆ ಅದರಲ್ಲೇ ಕಲಿಸ್ತೀನಿ.”

ಮರುದಿನ ಗುರುಸಿದ್ದಯ್ಯನವರು ಒಂದು ಡಬ್ಬ ಕ್ಯಾಸೆಟ್ಟು ಕಳಿಸಿಕೊಟ್ಟರು. ಅದರೊಳಗೆ ಗೋದಾಮಿನ ವಿಚಾರಣೆಯ ಕ್ಯಾಸೆಟ್ಟೂ ಇತ್ತು. ಬೇಕೆಂದೇ ಕಳಿಸಿದ್ದಾರೆ, ನನ್ನನ್ನು ಹಂಗಿಸಲು ಕಳಿಸಿದ್ದಾರೆ ಎಂದು ನನ್ನ ಮೈ ಉರಿದುಹೋಯಿತು. ಬೇರೆ ಯಾರ ಕೈಗೂ ಸಿಗಬಾರದೆಂದು ನಾನೇ ಅದನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ.

ಮೊದಲು ಟೀ ತಂದುಕೊಡುತ್ತಿದ್ದವನ ಸರದಿ. ಗೋದಾಮಿನೊಳಗೆ ಬೀಡಿ ಸೇದಿದ್ದೆಯಾ ಎಂದು ಪ್ರಶ್ನೆ. ಉತ್ತರದ ಜಾಗ ಖಾಲಿ. ಊರಿಗೆಲ್ಲ ಗೊತ್ತಿದ್ದ ಸುಳ್ಳು ಅದು; ಅವನು ಸೇದಿದ್ದು ಹಗಲಿನಲ್ಲಿ, ಬೆಂಕಿ ಬಿದ್ದದ್ದು ರಾತ್ರಿ ಎಂದು ಬಿಟ್ಟಿದ್ದರು. ಆದರೆ ಆ ಖಾಲಿಯ ಅಡಿಯಲ್ಲಿ ಗೋಡೆಯ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು, ಹೊರಗೆಲ್ಲೋ ಮಗ್ಗದ ಸದ್ದಿತ್ತು. ಮಾತೊಂದು ಬಿಟ್ಟು ರೂಮು ರೂಮಿನಷ್ಟಕ್ಕೆ ಇತ್ತು. ಆಮೇಲೆ ಅಪ್ಪನ ಸರದಿ ಬಂತು. “ಲಾಟೀನು ಆರಿಸಿದ್ಯೇನಯ್ಯಾ?” ಟಕ್ ಟಕ್. ಒಂದು ಸಣ್ಣ ಕಿರ್ರೆಂಬ ಸದ್ದು. ಮತ್ತೆ ಏನೂ ಇಲ್ಲ. ಗಡಿಯಾರ ಇಲ್ಲ, ಮಗ್ಗ ಇಲ್ಲ. ಆರು ಸೆಕೆಂಡು ಕಳೆದ ಮೇಲೆ ಮತ್ತೆ ಕಿರ್ರೆಂದು, ಗಡಿಯಾರ ಎಲ್ಲಿಂದಲೋ ಬಂದು ಸೇರಿಕೊಂಡಿತು. ನಾನು ಏಳೆಂಟು ಸಲ ಹಿಂದೆ ಮುಂದೆ ಮಾಡಿ ಕೇಳಿದೆ. ಅಪ್ಪ ಸುಳ್ಳು ಹೇಳಿದ್ದ ಎಂದೇ ಇಟ್ಟುಕೊಳ್ಳೋಣ, ಗಡಿಯಾರ ಯಾವ ಸುಳ್ಳು ಹೇಳಿತ್ತು?

ಭುಜಂಗರಾಯರಿಗೆ ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿ, “ಇದು ಮಾತು ಹೋಗಿದ್ದಲ್ಲಮ್ಮ, ಲೈನೇ ಹೋಗಿರೋದು. ವೈರು ಎಲ್ಲೋ ಅದುಮಿದೆ. ಅವತ್ತು ಯಾರೂ ನೋಡಲಿಲ್ವಾ?” ಎಂದರು.

ಯಾರು ನೋಡುತ್ತಾರೆ? ನಮ್ಮೂರಲ್ಲಿ ಮೌನ ಬಿದ್ದರೆ ಮನುಷ್ಯನ ಮುಖ ನೋಡುತ್ತೇವೆ, ವೈರು ನೋಡುವುದಿಲ್ಲ. ರೇಡಿಯೋ ರಿಪೇರಿ ಅಂಗಡಿಯವನು ಕೂಡ ಮೈಕು ಕೆಟ್ಟಿದೆ ಎಂದು ಯಾರಾದರೂ ತಂದರೆ ಮೊದಲು ಮುಸಿಮುಸಿ ನಗುತ್ತಾನೆ. ಮೇಷ್ಟ್ರು ಬಗ್ಗಿ ವೈರು ನೋಡಿದಾಗ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ.

ಆದರೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ವೈರು ತಾನಾಗಿ ಅದುಮಿಕೊಳ್ಳುತ್ತದೆಯೇ? ರೆಕಾರ್ಡರಿನ ಪಕ್ಕದಲ್ಲಿ ಕೂತಿದ್ದವರು ಗುರುಸಿದ್ದಯ್ಯನವರು. ಯಾರನ್ನೋ ಉಳಿಸಲು ಅಪ್ಪನ ಮಾತು ಬಂದಾಗ ವೈರು ಎಳೆದಿದ್ದಾರೆ ಎಂದು ನನಗೆ ಖಾತ್ರಿಯಾಗಿಹೋಯಿತು. ಜುಬೇದಾಳನ್ನು ಕರೆದುಕೊಂಡು, ಕ್ಯಾಮೆರಾ, ಕ್ಯಾಸೆಟ್ಟು, ಟೇಪ್ ರೆಕಾರ್ಡರು ಎತ್ತಿಕೊಂಡು ಅವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಮೈಕು ನೋಡಿದ ಕೂಡಲೇ ಹುಷಾರಾದರು. “ನಾನು ಯಾಕೆ ವೈರು ಎಳೀಲಿ? ನಂಗೇನವ್ವ ಲಾಭ?” ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು.

“ಅಯ್ಯನೋರೆ, ಪ್ರಶ್ನೆ ಬೇಡ. ಎಳೆದಿದ್ರೆ ಎಳೆದೆ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ” ಎಂದೆ.

“ಮೊದ್ಲು ಆ ಕ್ಯಾಸೆಟ್ ಕೇಳ್ಸು” ಎಂದರು. ಹೆಡ್‌ಫೋನ್ ಹಾಕಿಕೊಂಡು ಎರಡೂ ಮೌನಗಳನ್ನು ಮೂರು ಸಲ ಕೇಳಿದರು. ಕಡಲೆಕಾಯಿ ಕೈಯಲ್ಲೇ ಉಳಿಯಿತು. ಆಮೇಲೆ ಸುತ್ತಿ ಬಳಸದೆ ಹೇಳಿದರು: “ನಾನು ವೈರು ಎಳೀಲಿಲ್ಲ ಕಣವ್ವ. ನಿಮ್ಮಪ್ಪ ಎದ್ದು ನಿಂತ. ಎಲ್ಲಾರೂ ಕೂತೇ ಹೇಳಿದ್ರು, ಅವನೊಬ್ಬ ಮರ್ಯಾದೆಗೆ ಎದ್ದು ಕೈ ಮುಗ್ದ. ಏಳುವಾಗ ಬೆಂಚು ಹಿಂದಕ್ಕೆ ಜರುಗ್ತು, ಕೂರುವಾಗ ಮುಂದಕ್ಕೆ ಬಂತು. ವೈರು ಆ ಬೆಂಚಿನ ಕೆಳಗೇ ಹೋಗಿತ್ತು.”

“ಅಪ್ಪ ಏನಂದ ಅಂತ ನಿಮಗೆ ಎದುರಿಗೇ ಕೇಳ್ಸಿರಬೇಕಲ್ಲ?”

“ಕೇಳ್ಸಿತ್ತು. ಆರಿಸಿದ್ದೆ ಅಂದ. ನಂಬಿದ್ದೆ ಕೂಡ. ಮಾರನೇ ದಿನ ಕ್ಯಾಸೆಟ್ ಕೇಳಿದ್ಮೇಲೆ ಬಿಟ್ಟೆ.”

ಅಲ್ಲೇ ಗೇಟಿನ ಹತ್ತಿರ ನಿಂತು ರೆಕಾರ್ಡ್ ಆದದ್ದನ್ನು ಕೇಳಿದೆವು. ಒಂದು ಮಾತೂ ಬಿಟ್ಟಿರಲಿಲ್ಲ. ನನಗೆ ನಿರಾಸೆಯಾಯಿತು ಎಂದರೆ ನಾಚಿಕೆಗೇಡು, ಆದರೆ ಆಯಿತು. ದ್ವೇಷಿಸಲು ಒಬ್ಬ ಮನುಷ್ಯ ಸಿಕ್ಕಿದ್ದರೆ ಎಷ್ಟು ಹಗುರಾಗುತ್ತಿತ್ತು. ಅದಕ್ಕಿಂತ ನಾಚಿಕೆಗೇಡಿನ ಮಾತು ಇನ್ನೊಂದಿದೆ. ದಾರಿಯಲ್ಲಿ ಬರುತ್ತ ನನ್ನ ತಲೆ ಲೆಕ್ಕ ಹಾಕತೊಡಗಿತ್ತು: ವೈರು ಅದುಮಿತ್ತು, ಸರಿ, ಹಾಗೆಂದ ಮಾತ್ರಕ್ಕೆ ಲಾಟೀನು ಆರಿಸಿದ್ದ ಎಂದಾಯಿತೇ?

ಅದಕ್ಕೆ ಒಂದೇ ದಾರಿ ಇತ್ತು. ಇಪ್ಪತ್ತೆರಡು ವರ್ಷ ಯಾವ ಮೈಕಿನ ಮುಂದೆಯೂ ಬಾಯಿ ಬಿಡದ ಅಪ್ಪನನ್ನು ಕೇಳಿದೆ. ಅವನು ಬೆತ್ತವನ್ನು ನೀರಿನಲ್ಲಿ ನೆನೆಹಾಕುತ್ತ, “ಒಂದೇ ಸಲ ಹೇಳ್ತೀನಿ. ಇನ್ನೊಂದ್ಸಲ ಅಂದ್ರೆ ಆಗಲ್ಲ” ಎಂದ. ಭುಜಂಗರಾಯರು ಮಾಮೂಲಿಯಾಗಿ ರೂಮಿನಲ್ಲಿ ಗಡಿಯಾರವಿದ್ದರೆ ಹೊರಗಿಡಿಸುತ್ತಿದ್ದರು, ಅದರ ಸದ್ದು ಕತ್ತರಿಸುವಾಗ ತೊಂದರೆ ಕೊಡುತ್ತದೆಂದು. ಆ ದಿನ ಮಾತ್ರ ಗಡಿಯಾರವನ್ನು ಅಪ್ಪನ ತಲೆಯ ಮೇಲೆಯೇ ನೇತುಹಾಕಿಸಿದರು. “ಒಂದೇ ಶಾಟು. ಎಲ್ಲೂ ನಿಲ್ಲಿಸಬೇಡಿ. ನಿಮ್ಮೂರಿನವರು ಕತ್ತರಿ ನಂಬಲ್ಲ” ಎಂದು ಹೇಳಿ ತಾವು ಹೊರಗೆ ಹೋಗಿ ಕೂತರು.

ನಾನು ಮೈಕಿನ ವೈರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತು ಕೇಳಿದೆ. “ಅಪ್ಪಾ, ಅವತ್ತು ಲಾಟೀನು ಆರಿಸಿದ್ಯಾ?”

ಅಪ್ಪ ಎದ್ದು ನಿಂತ. ಜುಬೇದಾ ತಡಬಡಾಯಿಸಿ ಕ್ಯಾಮೆರಾವನ್ನು ಮೇಲಕ್ಕೆತ್ತಿದಳು. ಮಗಳ ಮುಂದೆ, ಒಂದು ಮೈಕಿನ ಮುಂದೆ, ಅವನು ಕೈ ಮುಗಿದುಕೊಂಡು ಹೇಳಿದ: “ಆರಿಸಿದ್ದೆ. ಬತ್ತಿ ಇಳಿಸಿ, ಊದಿ, ಹೊಗೆ ನಿಲ್ಲೋವರೆಗೂ ನೋಡಿ, ಆಮೇಲೆ ಬೀಗ ಹಾಕ್ದೆ.” ಹೇಳಿ ಕೂತುಕೊಂಡ.

ಹತ್ತು ಎಣಿಸಬೇಕಿತ್ತು. ಒಂದು, ಎರಡು, ಮೂರು. ಅಪ್ಪ ನನ್ನನ್ನೇ ನೋಡುತ್ತಿದ್ದ. ಆ ನೋಟವನ್ನು ನನ್ನಿಂದ ತಡೆಯಲಾಗಲಿಲ್ಲ. ನಾಲ್ಕಕ್ಕೆ ಬಾಯಿ ಹಾಕಿಬಿಟ್ಟೆ. “ನಾನು ಒಂದಿನಾನೂ ನಿನ್ನ ಮೇಲೆ ಅನುಮಾನ ಪಟ್ಟಿಲ್ಲ ಅಪ್ಪಾ” ಎಂದೆ.

ಅಪ್ಪ ಕೆಳಗೆ ಬಗ್ಗಿ ಬೆತ್ತದ ತುಂಡೊಂದನ್ನು ಕೈಗೆತ್ತಿಕೊಂಡ. “ನಾನು ಒಲೆ ಆರಿಸಿ ಬಂದ್ಮೇಲೆ ಎದ್ದು ಹೋಗ್ತೀಯಲ್ಲವ್ವ” ಎಂದ. “ಗುಂಡಿ ತಿರುಗ್ಸೋ ಸಪ್ಪಳ ನಂಗೆ ದಿನಾ ಕೇಳ್ಸುತ್ತೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ.

ಮರುದಿನ ಚಿತ್ರ ಕತ್ತರಿಸಿ ಜೋಡಿಸುವ ಟೇಬಲ್ಲಿನ ಮುಂದೆ ಕೂತೆವು. ಅಪ್ಪನ ಮಾತು ಒಂದೊಂದಕ್ಷರವೂ ಬಂದಿತ್ತು. ಆರಿಸಿದ್ದೆ ಎಂಬುದು ಕೇಳಿಸಿದಾಗ ಜುಬೇದಾ ನನ್ನ ಭುಜ ಹಿಡಿದುಕೊಂಡು ಅತ್ತುಬಿಟ್ಟಳು. ಅದಾದ ಮೇಲೆ ಗಡಿಯಾರ ನಾಲ್ಕು ಸಲ ಟಕ್ ಎಂದಿತು, ಮತ್ತೆ ಐದಾರು ಸಲ ಟಕ್ ಎಂದಿತು, ನನ್ನ ಮಾತಿನ ಜಾಗ ಖಾಲಿ. ಪರದೆಯ ಮೇಲೆ ಅಪ್ಪ ಆ ಖಾಲಿಯನ್ನು ತಲೆ ಓರೆ ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದ.

ಭುಜಂಗರಾಯರು ಕೆಮ್ಮಿದರು. “ಇಷ್ಟನ್ನ ತೆಗೀಬಹುದು. ಅವರ ಕೈಯದು ಶಾಟ್ ಇದೆಯಲ್ಲ, ಮೇಲೆ ಹಾಕಿದ್ರೆ ಮುಗೀತು” ಎಂದರು. ನಾನು ಯೋಚಿಸಿದೆ. ಅಲ್ಲಿ ಕೈ ತೋರಿಸಿದ ಮರುಕ್ಷಣ ಸಭೆಯಲ್ಲಿ ಯಾರಾದರೂ ಏಳುತ್ತಾರೆ: ಅಲ್ಲೇನಿತ್ತು, ಯಾಕೆ ತೆಗೆದ್ರಿ? ಒಂದು ಕಡೆ ಕತ್ತರಿ ಆಡಿಸಿದವಳು ಇನ್ನೊಂದು ಕಡೆ ಆಡಿಸಿರುವುದಿಲ್ಲವೇ? ಅಪ್ಪನ ಉತ್ತರದ ಬೆನ್ನಿಗೇ ನನ್ನ ಸುಳ್ಳು ಅಂಟಿಕೊಂಡಿತ್ತು. ಅದನ್ನು ಕಿತ್ತರೆ ಇದೂ ಬರುತ್ತಿತ್ತು. ಇನ್ನೊಂದು ಸಲ ಹೇಳು ಎಂದರೆ ಅವನು ಹೇಳುವವನಲ್ಲ, ಕೇಳಲು ನನಗೂ ಮುಖವಿರಲಿಲ್ಲ. “ಇರಲಿ ಸರ್” ಎಂದೆ. ಇದನ್ನು ಹೇಳುವಾಗ ಧೈರ್ಯವೇನೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ವಾಚನಾಲಯದ ಕಿಟಕಿಗಳಿಗೆ ಕಂಬಳಿ ಕಟ್ಟಿ ಎಲ್ಲರ ಚಿತ್ರಗಳನ್ನೂ ತೋರಿಸಿದರು. ಹಿಟ್ಟಿನ ಗಿರಣಿಯ ಚಿತ್ರದಲ್ಲಿ ಮೊದಲ ಕತ್ತರಿ ಬಿದ್ದ ಕೂಡಲೇ “ಏಯ್, ಅಲ್ಲೇನೋ ತೆಗೆದ್ರು” ಎಂದು ಗಲಾಟೆಯಾಯಿತು. ನಮ್ಮದು ಕೊನೆಗೆ ಬಂತು. ಅಪ್ಪ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಅವನ ಪಕ್ಕದಲ್ಲಿ ಜಾಗವಿದ್ದರೂ ಕೆಲವರು ನಿಂತೇ ಇದ್ದರು. ಮೊದಲು ಟೀಯವನ ಮೌನ, ಗಡಿಯಾರದ ಸಮೇತ. ಆಮೇಲೆ ಅಪ್ಪನ ಆರು ಸೆಕೆಂಡು. ಒಮ್ಮೆಗೆ ಅರ್ಥವಾಗಲಿಲ್ಲ ಎಂದು ಎರಡನೆಯ ಸಲ ಹಾಕಿಸಿಕೊಂಡರು. ಗುರುಸಿದ್ದಯ್ಯನವರು ಪರದೆಯ ಮೇಲೆ ಬೆಂಚು ಜರುಗಿದ್ದನ್ನು ಹೇಳುವಾಗ ಸಭೆಯಲ್ಲಿ ಗುಸುಗುಸು ಹಬ್ಬಿತು. ಅಪ್ಪ ಎದ್ದು ನಿಂತು “ಆರಿಸಿದ್ದೆ” ಎಂದಾಗ ಅದೂ ನಿಂತುಹೋಯಿತು.

ಆಮೇಲೆ ನನ್ನ ಸರದಿ ಬಂತು. ಟಕ್ ಟಕ್ ಟಕ್. ಅದು ಯಾರ ಮೌನ ಎಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಮುಂದಿನ ಸಾಲಿನ ಒಂದಿಬ್ಬರು ತಿರುಗಿ ನನ್ನ ಮುಖ ನೋಡಿದರು. ಗ್ಯಾಸಿನ ಗುಂಡಿಯ ಮಾತು ಬಂದಾಗ ಅವರೂ ತಲೆ ತಗ್ಗಿಸಿದರು. ಕಂಬಳಿ ಸರಿಸಿದ ಮೇಲೆ ಗುರುಸಿದ್ದಯ್ಯನವರು ಕೋಲೂರಿ ಎದ್ದು, ಹಿಂದಿನ ಬೆಂಚಿನ ಕಡೆ ತಿರುಗಿ ಕೈ ಮುಗಿದರು. ನಿಂತಿದ್ದವರಲ್ಲಿ ಒಬ್ಬ ಹೋಗಿ ಅಪ್ಪನ ಪಕ್ಕದಲ್ಲಿ ಕೂತು, “ಸೆಕೆ ಜಾಸ್ತಿ ಆಯ್ತು ಕೊಟ್ರಣ್ಣ” ಎಂದ. ಅಪ್ಪ “ಹೂಂ, ಮಳೆ ಬರುತ್ತೆ” ಎಂದ. ಯಾರೂ ಎದ್ದು ಹೋಗಿ ಆಕಾಶ ನೋಡಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಎಂದಿನಂತೆ ಒಳಗೆ ಹೋಗಿ ಕಾಫಿ ಕಾಯಿಸಿದ. ಒಲೆ ಆರಿಸಿ ಎರಡು ಲೋಟ ಹಿಡಿದು ಬಂದು ನನ್ನ ಎದುರು ಕೂತ. ನನ್ನ ಕಾಲು ತಾನಾಗಿಯೇ ಅಡುಗೆಮನೆಯ ಕಡೆ ತಿರುಗಿತು, ಇದನ್ನು ಒಪ್ಪಿಕೊಳ್ಳುತ್ತೇನೆ. ಅಪ್ಪ ನನ್ನ ಕಡೆ ನೋಡದೆ ಲೋಟದೊಳಕ್ಕೆ ಊದುತ್ತಿದ್ದ. ಅವನ ಕಿವಿ ಮಾತ್ರ ಕಾಯುತ್ತಿತ್ತು. ನಾನು ಎಣಿಸತೊಡಗಿದೆ. ನಾಲ್ಕು ದಾಟಿತು, ಏಳು ದಾಟಿತು, ಹತ್ತಾಯಿತು. ಕೂತಲ್ಲೇ ಕೂತು ಕಾಫಿ ಕುಡಿದೆ.

“ಚೆನ್ನಾಗಿದೆ ಅಪ್ಪಾ” ಎಂದೆ.

“ಸಕ್ಕರೆ ಹಾಕೋದೇ ಮರ್ತಿದ್ದೀನಲ್ಲೇ” ಎಂದು ಅಪ್ಪ ಲೋಟ ಕೆಳಗಿಟ್ಟು ನಕ್ಕ. ಅವನ ನಗು ಹೀಗಿರುತ್ತದೆಂಬುದು ನನಗೆ ಮರೆತೇಹೋಗಿತ್ತು.